ಅತಾಮಿಯಲ್ಲಿ ಕುಸಿದ ಚಾವಣಿ

ಹೋದ ವರ್ಷ ಅಕ್ಟೋಬರಿನಲ್ಲಿ ನಮ್ಮ ಅತ್ತೆ ಮೈಸೂರಿನಿಂದ ಮೊದಲ ಸಲ ಜಪಾನಿಗೆ ಬಂದಿದ್ದರು. ನನ್ನ ಗಂಡ ಹಮಾಮತ್ಸುವಿನಲ್ಲಿ ಎಂಜಿನಿಯರ್. ಮಗಳು ಅನ್ವಿ ಹುಟ್ಟಿದ್ದು ಇಲ್ಲೇ. ಏಳು ವರ್ಷದ ಅವಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಬಾಯಿಂದ ಹೆಚ್ಚಾಗಿ ಬರುವುದು ಮಾತ್ರ ಇಂಗ್ಲಿಷ್, ಇಲ್ಲವೇ ಜಪಾನಿ.

"ಬೆಳಿಗ್ಗೆ ಎದ್ದ ತಕ್ಷಣ ಕಿಟಕಿಯಿಂದ ಸಮುದ್ರ ಕಾಣೋ ಅಂಥ ಕಡೆ ಒಂದಿನ ಇರೋಣ ಕಣಮ್ಮ" ಎಂದು ಅತ್ತೆ ಆಸೆಪಟ್ಟರು. ಗಂಡನಿಗೆ ರಜೆ ಸಿಗಲಿಲ್ಲ. ನಾವು ಮೂವರೇ ರೈಲು ಹತ್ತಿ ಸಮುದ್ರತೀರದ ಅತಾಮಿಗೆ ಹೋದೆವು.

ಹೋಟೆಲ್ ಹಳೆಯದು. ಫೋಟೋದಲ್ಲಿ ಕಂಡಿದ್ದಕ್ಕೂ ರೂಮಿಗೂ ಸಂಬಂಧವೇ ಇರಲಿಲ್ಲ. ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಕಿಟಕಿಯಲ್ಲಿ ಎರಡು ಕಟ್ಟಡಗಳ ನಡುವೆ ಸೀರೆಯ ಅಂಚಿನಷ್ಟು ಸಮುದ್ರ. ಅತ್ತೆ ಚಾವಣಿಯ ಕಡೆ ಬೆರಳು ತೋರಿಸಿದರು. ಹಾಸಿಗೆಯ ನೇರ ಮೇಲೆ ತಟ್ಟೆಯಗಲದ ಕಂದು ಕಲೆ ಇತ್ತು.

ನಾನು ಕೆಳಗಿಳಿದು ಕೌಂಟರಿನಲ್ಲಿ ಕೇಳಿದೆ. ಅಲ್ಲಿದ್ದ ಹೆಂಗಸು ನಗುತ್ತಾ ತಲೆ ಬಾಗಿಸಿ, "ಸುಮಿಮಾಸೆನ್, ಕ್ಷಮಿಸಿ, ಅದು ಹಳೆಯ ಕಲೆ, ಏನೂ ತೊಂದರೆಯಿಲ್ಲ. ಬೇರೆ ರೂಮು ಖಾಲಿ ಇಲ್ಲ" ಎಂದಳು. ನಾನು ಸುಮ್ಮನೆ ವಾಪಸ್ ಬಂದೆ. ರೈಲಿನಲ್ಲಿ ಮರೆತ ಕೊಡೆಯೂ ಜೋಪಾನವಾಗಿ ವಾಪಸ್ ಸಿಗುವ ಊರಿನಲ್ಲಿದ್ದು, ಯಾರಾದರೂ ತೊಂದರೆಯಿಲ್ಲ ಎಂದರೆ ಎರಡನೇ ಸಲ ಕೇಳುವ ಅಭ್ಯಾಸವೇ ನನಗೆ ತಪ್ಪಿಹೋಗಿತ್ತು.

ಸಂಜೆ ಸಮುದ್ರದ ದಂಡೆಗೆ ಹೊರಡುವ ಸಮಯ. ಅನ್ವಿ ಹಾಸಿಗೆಯ ಮೇಲೆ ಬೋರಲು ಮಲಗಿ ಟಿವಿಯಲ್ಲಿ ಕಾರ್ಟೂನ್ ನೋಡುತ್ತಿದ್ದಳು. ಅತ್ತೆ ಬಾಚಣಿಗೆ ಹಿಡಿದು ಕಿಟಕಿಯ ಹತ್ತಿರ ಕೂತು ಕರೆದರು.

"ಬಾ ಪುಟ್ಟಿ, ಜಡೆ ಹಾಕ್ತೀನಿ."

"ನೋ ಅಜ್ಜಿ, ಐ ಡೋಂಟ್ ವಾಂಟ್."

"ದೀಪ ಹಚ್ಚೋ ಹೊತ್ತಲ್ಲಿ ತಲೆ ಕೆದರ್ಕೊಂಡು ಆಚೆ ಹೋಗ್ತಾರಾ? ಬಾ ಅಂದ್ರೆ ಬರಬೇಕು."

ಅತ್ತೆ ಮೊಮ್ಮಗಳಿಗೆ ಗದರಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅನ್ವಿ ಮುಖ ಊದಿಸಿಕೊಂಡು ಇಳಿದುಬಂದು ಅಜ್ಜಿಯ ಮುಂದೆ ನೆಲದ ಮೇಲೆ ಕೂತಳು. ಅತ್ತೆ ಕೂದಲನ್ನು ಮೂರು ಪಾಲು ಮಾಡುತ್ತಿದ್ದರು, ಅಷ್ಟೇ. ಏನೋ ಬಿರಿದ ಸದ್ದಾಯಿತು. ಚಾವಣಿಯ ಹಲಗೆ, ಗಾರೆ, ಅದರ ಹಿಂದೆಯೇ ಕೊಳಕು ನೀರು, ಎಲ್ಲ ಒಟ್ಟಿಗೆ ಹಾಸಿಗೆಯ ಮೇಲೆ ಬಿತ್ತು. ಅನ್ವಿ ತಲೆಯಿಟ್ಟಿದ್ದ ದಿಂಬು ಕಾಣದಂತೆ ಮುಚ್ಚಿಹೋಯಿತು.

ಅತ್ತೆ ಅನ್ವಿಯನ್ನು ಎದೆಗವಚಿಕೊಂಡು ಗೋಡೆಗೆ ಒರಗಿಬಿಟ್ಟಿದ್ದರು. ಟಿವಿಯಲ್ಲಿ ಕಾರ್ಟೂನ್ ಹಾಡುತ್ತಲೇ ಇತ್ತು.

ಸದ್ದು ಕೇಳಿ ಮ್ಯಾನೇಜರ್ ಓಡಿಬಂದರು. ಅತ್ತೆಯ ವಯಸ್ಸಿನವರೇ, ಕಪ್ಪು ಸೂಟು ಹಾಕಿದ್ದರು. ಹಾಸಿಗೆಯನ್ನು ನೋಡಿದರು, ಮಗುವನ್ನು ನೋಡಿದರು. ಒದ್ದೆ ಕಾರ್ಪೆಟ್ಟಿನ ಮೇಲೆ ಹಾಗೇ ಮಂಡಿಯೂರಿ ಅತ್ತೆಯ ಕಾಲ ಬಳಿ ಹಣೆ ನೆಲಕ್ಕಿಟ್ಟುಬಿಟ್ಟರು. ಅತ್ತೆಗೆ ಗಾಬರಿಯಾಯಿತು. "ಅಯ್ಯೋ, ಏಳಿ, ಏಳಿ. ವಯಸ್ಸಾದೋರು ಹೀಗೆಲ್ಲ ಮಾಡಬಾರದು" ಎನ್ನುತ್ತಾ ಬಗ್ಗಿ ಅವರ ಭುಜ ಹಿಡಿದು ಎತ್ತತೊಡಗಿದರು.

ಮ್ಯಾನೇಜರ್ ತಲೆಯೆತ್ತದೆಯೇ ಬಡಬಡನೆ ಏನೋ ಹೇಳಿದರು. ಆ ಗಾಬರಿಯಲ್ಲಿ ನನಗೆ ಅರ್ಧವೂ ತಿಳಿಯಲಿಲ್ಲ. ಅನ್ವಿಗೆ ತಿಳಿಯಿತು.

"ಅಜ್ಜಿ, ಮೇಲಿನ ಬಾತ್‌ರೂಮಿಂದ ನೀರು ಬರ್ತಿತ್ತಂತೆ. ದೇ ನ್ಯೂ. ಬಟ್ ವೀಕೆಂಡ್ ಅಲ್ವಾ, ಸೋ ರೂಮ್ ಕೊಟ್ರಂತೆ."

ಭುಜದ ಮೇಲಿದ್ದ ಅತ್ತೆಯ ಕೈಗಳು ಹಿಂದಕ್ಕೆ ಸರಿದವು. ಆ ಮನುಷ್ಯ ಅರ್ಧ ಎದ್ದವರು ಅರ್ಧಕ್ಕೇ ನಿಂತರು. ಚಾವಣಿ ಬಿದ್ದಾಗ ಆಗಿದ್ದಕ್ಕಿಂತ ದೊಡ್ಡ ಆಘಾತ ನನಗಾದದ್ದು ಆಗಲೇ.

"ಗೊತ್ತಿದ್ದೂ ಕೊಟ್ರಾ?" ಎಂದರು ಅತ್ತೆ, ಬಹಳ ಮೆಲ್ಲಗೆ. ಅದನ್ನು ಜಪಾನಿಗೆ ತಿರುಗಿಸಿ ಹೇಳಬೇಕಾಗಲಿಲ್ಲ. ಅತ್ತೆಯ ಮುಖ ನೋಡಿಯೇ ಮ್ಯಾನೇಜರ್ ಮತ್ತೆ ತಲೆ ತಗ್ಗಿಸಿದರು.

ಬೇರೆ ಹೋಟೆಲಿನಲ್ಲಿ ರೂಮು ಹುಡುಕಿಕೊಡುತ್ತೇವೆ, ಕಾರಿನಲ್ಲಿ ಬಿಡುತ್ತೇವೆ ಎಂದೆಲ್ಲ ಹೇಳಿದರು. ಅತ್ತೆಗೆ ಏನೂ ಬೇಕಿರಲಿಲ್ಲ. "ಈ ರೂಮು ಇನ್ಯಾರಿಗೂ ಕೊಡಬೇಡಿ ಅಂತ ಹೇಳು ಪುಟ್ಟಿ" ಎಂದರು. ಅನ್ವಿ ಹೇಳಿದಳು. ನಾನು ಬ್ಯಾಗು ತುಂಬಿಸಿಕೊಂಡೆ. ಸಮುದ್ರದ ದಂಡೆಗೆ ಹೋಗದೆ ನೇರ ಸ್ಟೇಷನ್ನಿಗೆ ನಡೆದೆವು.

ರೈಲು ಹೊರಟಿತು. ಅನ್ವಿ ಅಜ್ಜಿಗೆ ಆತುಕೊಂಡು ಕೂತಿದ್ದಳು. ತಡವರಿಸುತ್ತಾ ಪೂರ್ತಿ ಕನ್ನಡದಲ್ಲೇ ಕೇಳಿದಳು, "ಅಜ್ಜಿ, ಆ ತಾತ ಕೆಟ್ಟವರಾ?"

ಹೌದು ಎನ್ನಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅತ್ತೆ ಹೇಳಿದರು, "ಕೆಟ್ಟವರಲ್ಲ ಮಗು. ಏನೂ ಆಗಲ್ಲ ಅಂದ್ಕೊಂಡಿದ್ರು, ಅಷ್ಟೇ."

ಅತ್ತೆ ಮೈಸೂರಿಗೆ ಮರಳಿ ಬಹಳ ದಿನವಾಯಿತು. ಆ ಮನುಷ್ಯನನ್ನು ಕ್ಷಮಿಸಲು ನನಗಿನ್ನೂ ಆಗಿಲ್ಲ. ಆದರೆ ಅವರು ಕೆಟ್ಟವರಾಗಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ಏನೂ ಆಗಲ್ಲ ಎಂದು ಎಷ್ಟು ವಿಷಯಗಳಲ್ಲಿ ನಾನೂ ಅಂದುಕೊಂಡು ಸುಮ್ಮನಿದ್ದೇನೋ.