ಕತ್ತೆ, ಕಪ್ಪೆ ಮತ್ತು ನಮ್ಮ ಸಣ್ಣತ್ತಿ

ಕೊಟ್ಟೂರಿನ ನಮ್ಮ ಮನೆಗೆ ಕೇಬಲ್ ಬಂದಾಗ ನಾನು ಐದನೇ ಕ್ಲಾಸು. ಸಂಜೆ ಐದಕ್ಕೆ ಅದರಲ್ಲೊಂದು ಕಾರ್ಟೂನ್ ಬರುತ್ತಿತ್ತು. ಒಂದು ಕತ್ತೆ, ಒಂದು ಕಪ್ಪೆ ಸೇರಿ ಒಂದೇ ಮನೆಯಲ್ಲಿ ಬಾಡಿಗೆಗಿದ್ದವು. ಮನೆಯ ಮಾಲಕಿ ಒಂದು ಕೋಳಿ. ಮೂವರೂ ಪಟಪಟ ಇಂಗ್ಲಿಷ್ ಮಾತಾಡುತ್ತಿದ್ದರು. ನಮಗೆ ಎ ಬಿ ಸಿ ಡಿ ಶುರುವಾಗಿದ್ದೇ ಆ ವರ್ಷ. ಹಾಗಾಗಿ ಓಣಿಯ ಏಳೆಂಟು ಮಕ್ಕಳು ನಮ್ಮ ಪಡಸಾಲೆಯಲ್ಲಿ ಕೂತು, ಯಾರಾದರೂ ಬಿದ್ದಾಗ ಮಾತ್ರ ನಗುತ್ತಿದ್ದೆವು.

ಗೋಡೆಗೆ ಒರಗಿ ಶೇಂಗಾ ಸುಲಿಯುತ್ತ ನಮ್ಮ ಸಣ್ಣತ್ತಿಯೂ ನೋಡುತ್ತಿದ್ದಳು. ಅವಳು ಅಪ್ಪನ ತಂಗಿ. ಆಗ ಇಪ್ಪತ್ತೈದು ದಾಟಿತ್ತು. ಎರಡು ವರ್ಷದವಳಿದ್ದಾಗ ಜ್ವರ ಬಂದು ಕಿವಿ ಹೋಗಿತ್ತು, ಮಾತು ಬರಲೇ ಇಲ್ಲ. ಸಾಲಿಗೂ ಕಳಿಸಿರಲಿಲ್ಲ. ಓಣಿಯವರು ಮೂಗಿ ಅನ್ನುತ್ತಿದ್ದರು. ಅವಳ ಕೈಮಾತು ಮನೆಯಲ್ಲಿ ಸರಿಯಾಗಿ ತಿಳಿಯುತ್ತಿದ್ದದ್ದು ನನಗೆ. ಹುಟ್ಟಿದಾಗಿನಿಂದ ಅವಳ ಮಗ್ಗುಲಲ್ಲೇ ಮಲಗಿದವಳು ನಾನು. ಅಪ್ಪನೆಂದರೆ ಮೀಸೆ ತಿರುವುವುದು, ಅವ್ವನೆಂದರೆ ಮೂಗುಬೊಟ್ಟು ಮುಟ್ಟುವುದು. ಅವಳ ಅಕ್ಕ, ಅಂದರೆ ನಮ್ಮ ದೊಡ್ಡತ್ತಿಯನ್ನು ಹಡಗಲಿಗೆ ಕೊಟ್ಟಿತ್ತು. ಅಲ್ಲಿ ಮಲ್ಲಿಗೆ ಬಹಳ. ಅದಕ್ಕೆ ಹಡಗಲಿ ಅನ್ನಬೇಕಾದರೆ ತುರುಬಿಗೆ ಹೂ ಮುಡಿದಂತೆ ಕೈ ಮಾಡುತ್ತಿದ್ದಳು.

ಒಂದು ದಿನ ಕಾರ್ಟೂನಿನಲ್ಲಿ ಇನ್ನೂ ಏನೂ ಆಗಿರಲಿಲ್ಲ. ಕಪ್ಪೆ ಒಂದು ಕೇಕನ್ನು ಬೆನ್ನ ಹಿಂದಿನ ಕುರ್ಚಿಯ ಮೇಲೆ ಮರೆಮಾಡಿಕೊಂಡು ನಿಂತಿತ್ತು, ಅಷ್ಟೆ. ಸಣ್ಣತ್ತಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಯಾಕೆ ಅಂತ ಕೈಯಲ್ಲೇ ಕೇಳಿದೆ. ನೋಡು, ಈಗ ಕತ್ತೆ ಹೋಗಿ ಅದರ ಮ್ಯಾಲೇ ಕುಂದ್ರತೈತಿ ಎಂದು ತೋರಿಸಿದಳು. ಕತ್ತೆ ಕೂತೇಬಿಟ್ಟಿತು.

ಆವತ್ತಿನಿಂದ ಮಕ್ಕಳೆಲ್ಲ ಅರ್ಧ ಟಿವಿಯ ಕಡೆ, ಅರ್ಧ ಸಣ್ಣತ್ತಿಯ ಕಡೆ ತಿರುಗಿ ಕೂರತೊಡಗಿದರು. ಅವಳು ಕೈಯಲ್ಲಿ ಹೇಳುತ್ತಿದ್ದಳು, ನಾನು ಬಾಯಲ್ಲಿ. ಇಂಗ್ಲಿಷ್ ಬಾರದ ನಮಗಿಂತ ಏನೂ ಕೇಳಿಸದ ಅವಳಿಗೇ ಕತೆ ಹೆಚ್ಚು ತಿಳಿಯುತ್ತಿತ್ತು. ಇಪ್ಪತ್ತು ವರ್ಷ ಮುಖ ನೋಡಿಯೇ ಮನೆಯವರ ಸಿಟ್ಟು, ಸುಳ್ಳು, ಹಸಿವು ಎಲ್ಲ ತಿಳಿದುಕೊಂಡವಳು. ಅವಳಿಗೆ ಕತ್ತೆ, ಕಪ್ಪೆ ಯಾವ ಲೆಕ್ಕ?

ಆ ಕತೆಗಳು ತಿರುಗಾಮುರುಗಾ ನಾಲ್ಕೈದೇ ಎಂದು ಮೊದಲು ಕಂಡುಹಿಡಿದವಳೂ ಅವಳೇ. ಜಂಬ ಕೊಚ್ಚಿದವನು ಗುಂಡಿಗೆ ಬೀಳುತ್ತಾನೆ. ಕಪ್ಪೆ ಸುಳ್ಳು ಮೀಸೆ ಅಂಟಿಸಿಕೊಂಡು ಬಂದರೆ ಮನೆಯವರಿಗೇ ಗುರುತು ಸಿಗುವುದಿಲ್ಲ. ಇದನ್ನು ನೋಡಿದಾಗ ಅವಳು, ನಿಮ್ಮಪ್ಪ ಮೀಸೆ ಬೋಳಿಸಿಕೊಂಡು ಬಂದರೂ ನಡಿಗೆ ನೋಡೇ ನಾನು ಹಿಡೀತೀನಿ ಎಂದು ಅಪ್ಪನ ಹಾಗೆ ನಡೆದು ತೋರಿಸಿದ್ದಳು. ಇನ್ನೊಂದು, ಬಾಗಿಲ ಹಿಂದೆ ನಿಂತು ಅರ್ಧ ಮಾತು ಕೇಳಿಸಿಕೊಳ್ಳುವ ಕತೆ. ಕೋಳಿ ಯಾವುದೋ ಹಳೆಯ ಕುರ್ಚಿ ಮಾರುವ ಮಾತಾಡಿದರೆ, ಕತ್ತೆ ತನ್ನನ್ನೇ ಮಾರುತ್ತಾರೆಂದು ಗಂಟು ಕಟ್ಟಿಕೊಂಡು ಹೊರಡುತ್ತಿತ್ತು. ಸಣ್ಣತ್ತಿ ಹಣೆ ಹಣೆ ಬಡಿದುಕೊಂಡು ಕತ್ತೆಯ ಕಿವಿ ತೋರಿಸುತ್ತಿದ್ದಳು. ಅಷ್ಟುದ್ದ ಕಿವಿ ಇಟ್ಟುಕೊಂಡು ಕೇಳಿಸಿದ್ದು ಇಷ್ಟೇ! ಕೊನೆಗೆ ಎಲ್ಲರೂ ತಬ್ಬಿಕೊಳ್ಳುತ್ತಿದ್ದರು. ಇವತ್ತು ಸುಟ್ಟುಹೋದ ಮನೆಯೂ ಮರುದಿನ ಮೊದಲಿನ ಹಾಗೇ ಇರುತ್ತಿತ್ತು.

ಮುಂದಿನ ಬೇಸಿಗೆಗೆ ಸ್ವಲ್ಪ ಮುಂಚೆ, ಒಂದು ಸಂಜೆ ನೀರು ಕುಡಿಯಲು ಅಡಿಗೆಮನೆಗೆ ಹೋಗುತ್ತಿದ್ದೆ. ಒಳಗೆ ಅಪ್ಪ ಅವ್ವ ಮಾತಾಡುತ್ತಿದ್ದರು.

“ಎಷ್ಟು ದಿನ ಅಂತ ಆಕಿನ್ನ ಹಿಂಗ ಮನಿಯಾಗ ಕುಂದ್ರಸಿಕೊಂಡಿರೋದು?” ಅಂದ ಅಪ್ಪ. “ಹರಪನಹಳ್ಳಿಗೆ ಕಳಿಸಿಬಿಡಾನ.”

“ಆಕಿಗೆ ಹೆಂಗ ಹೇಳೋದು? ಅಳ್ತಾಳ,” ಅಂದಳು ಅವ್ವ.

“ಹೋಗೋ ದಿನ ಹೇಳಿದ್ರಾತು.”

ಅಷ್ಟರಲ್ಲಿ ಪಡಸಾಲೆಯಲ್ಲಿ ಕಾರ್ಟೂನಿನ ಹಾಡು ಶುರುವಾಯಿತು. ಗೆಳತಿಯರು ಕೂಗಿದರು, ಓಡಿಹೋದೆ. ಆದರೆ ಮನಸ್ಸು ತಡೆಯಲಿಲ್ಲ. ಎಲ್ಲರೂ ಹೋದ ಮೇಲೆ ಸಣ್ಣತ್ತಿಯನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಹೇಳಿದೆ. ಮೀಸೆ ತಿರುವಿದೆ, ಮೂಗು ಮುಟ್ಟಿದೆ, ಅವಳ ಎದೆಗೆ ಬೆರಳಿಟ್ಟೆ, ಹರಪನಹಳ್ಳಿಯ ರಸ್ತೆಯ ಕಡೆ ಕೈ ಬೀಸಿದೆ. ನಿನ್ನನ್ನು ಕಳಿಸುತ್ತಾರೆ.

ಅವಳು ಏನನ್ನೂ ಕೇಳಲಿಲ್ಲ. ಹಿಂದಿನ ಓಣಿಯ ಒಬ್ಬ ಹುಡುಗಿಯನ್ನು, ಕಾಲು ಊನ ಅಂತ, ಇಬ್ಬರು ಮಕ್ಕಳಿದ್ದ ಮುದುಕನಿಗೆ ಕೊಟ್ಟದ್ದು ಆ ವರ್ಷವೇ. ಸಣ್ಣತ್ತಿಯ ತಲೆಯಲ್ಲಿ ಆಗ ಅದೇ ಬಂದಿರಬೇಕು. ನನಗೆ ಅಷ್ಟೆಲ್ಲ ಹೊಳೆಯುವ ವಯಸ್ಸಲ್ಲ.

ಮರುದಿನ ಸಾಲಿಯಿಂದ ಊಟಕ್ಕೆ ಬಂದರೆ ಅವ್ವ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಸಣ್ಣತ್ತಿ ಇರಲಿಲ್ಲ. ಅವಳ ಎರಡು ಸೀರೆ, ಒಂದು ಕೈಚೀಲ ಇರಲಿಲ್ಲ. ಅಪ್ಪ ಸೈಕಲ್ ಹತ್ತಿ ಬಾವಿ, ಬಸ್ ಸ್ಟ್ಯಾಂಡು, ರೈಲ್ವೆ ಹಳಿ ಎಲ್ಲ ಸುತ್ತುತ್ತಿದ್ದ. ನನಗೆ ಕಾರಣ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಇನ್ನೇನು ಬಂದುಬಿಡುತ್ತಾಳೆ ಅಂತಲೇ ನಂಬಿದ್ದೆ. ಗಂಟು ಕಟ್ಟಿಕೊಂಡು ಹೋದವರು ಅರ್ಧ ಗಂಟೆಯೊಳಗೆ ತಿರುಗಿ ಬರುವುದನ್ನಷ್ಟೇ ನಾನು ನೋಡಿದ್ದೆ. ಐದಾಯಿತು. ಮಕ್ಕಳು ಬಂದು ಬಾಗಿಲಲ್ಲೇ ನಿಂತು ಹೊರಟುಹೋದರು. ಟಿವಿ ಹಾಕಲಿಲ್ಲ. ಬಾವಿ ಅನ್ನುವ ಮಾತು ಅವ್ವನ ಬಾಯಿಂದ ಇನ್ನೊಮ್ಮೆ ಬಂದಾಗ ನಾನು ಎದ್ದು ಹೊರಗೆ ಓಡಿದೆ.

ದೀಪ ಹಚ್ಚುವ ಹೊತ್ತಿಗೆ ಪಕ್ಕದ ಕಿರಾಣಿ ಅಂಗಡಿಗೆ ಫೋನ್ ಬಂತು. ಹಡಗಲಿಯಿಂದ ದೊಡ್ಡತ್ತಿ. ಅವಳ ದನಿ ಹೊರಗೆ ನಿಂತ ನನಗೂ ಕೇಳಿಸುವಷ್ಟು ಜೋರಿತ್ತು.

“ಇಲ್ಲಿ ಅದಾಳ. ಏನು ಮಾಡೀರಿ ಆಕಿಗೆ?”

ಮರುದಿನ ಬೆಳಿಗ್ಗೆ ಅಪ್ಪನ ಜತೆ ನಾನೂ ಹೊರಟೆ. ನಾನು ಹಟ ಮಾಡಿದ್ದೂ ಹೌದು, ಅವಳ ಕೈಮಾತು ತಿಳಿಸಲು ಅಪ್ಪನಿಗೆ ನಾನು ಬೇಕಿದ್ದದ್ದೂ ಹೌದು. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ ಬದಲಿಸಬೇಕಿತ್ತು. ಆ ಗದ್ದಲದಲ್ಲಿ ಅಪ್ಪನಿಗೇ ಹಡಗಲಿ ಬಸ್ಸು ಬೇಗ ಸಿಗಲಿಲ್ಲ, ಇಬ್ಬರನ್ನು ಕೇಳಿದ. ಬಸ್ಸಿನಲ್ಲಿ ಕೂತ ಮೇಲೆ, “ಆಕಿ ಯಾರನ್ನ ಕೇಳಿದ್ಲೋ ಏನೋ,” ಅಂತ ಕಿಟಕಿಯ ಕಡೆ ಮುಖ ಮಾಡಿದ.

ಹಡಗಲಿ ಮುಟ್ಟಿದ ಮೇಲೆ ಅದನ್ನು ದೊಡ್ಡತ್ತಿ ಹೇಳಿದಳು; ಅವಳಿಗೆ ಅದೇ ಬಸ್ಸಿನಲ್ಲಿ ಬಂದ ನೆರೆಯಾಕೆ ಹೇಳಿದ್ದಳು. ಸಣ್ಣತ್ತಿ ಕಂಡಕ್ಟರನ ಮುಂದೆ ನಿಂತು ತುರುಬಿಗೆ ಹೂ ಮುಡಿದಂತೆ ಮಾಡಿದಳಂತೆ. ಆತ ಒಂದು ಗಳಿಗೆ ನೋಡಿ, “ಹಡಗಲಿ ಏನವಾ?” ಅಂತ ಟಿಕೀಟು ಹರಿದುಕೊಟ್ಟನಂತೆ.

ಸಣ್ಣತ್ತಿ ಒಳಗೆ ಕಂಬಕ್ಕೆ ಒರಗಿ ಕೂತಿದ್ದಳು. ಅಪ್ಪ ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ಅವಳೆದುರು ನೆಲಕ್ಕೆ ಕೂತು ನನಗೆ ಹೇಳಿದ: “ಕೇಳು ಆಕಿನ್ನ, ಯಾಕ ಬಂದಿ ಅಂತ.”

ಅವಳು ನನ್ನ ಕಡೆ ನೋಡಲೇ ಇಲ್ಲ. ನೇರ ಅಪ್ಪನಿಗೇ ಕೈಯಲ್ಲಿ ಹೇಳಿದಳು. ನೀನು, ನಿನ್ನ ಹೆಂಡ್ತಿ ನನ್ನ ಎದುರಿಗೇ ಮಾತಾಡ್ತೀರಿ. ನನ್ನ ಹೆಸರು ಬಂದಾಗ ನಿಮ್ಮ ಕಣ್ಣು ಈ ಕಡೆ ಹೊರಳ್ತಾವ. ಏನಂತ ಯಾರೂ ಹೇಳಂಗಿಲ್ಲ. ನಾನೇನು ದನಾನಾ, ಹಗ್ಗ ಬಿಚ್ಚಿ ಹರಪನಹಳ್ಳಿಗೆ ಹೊಡ್ಕೊಂಡು ಹೋಗಾಕ?

ದನ ಅನ್ನುವುದಕ್ಕೆ ಅವಳು ತಲೆಯ ಮೇಲೆ ಎರಡು ಬೆರಳಿಟ್ಟುಕೊಂಡಾಗ ನಾನು ಬಾಯಲ್ಲಿ ಹೇಳಬೇಕಾಗಲಿಲ್ಲ. ಅಪ್ಪ ತಾನೇ ಕೈ ಎತ್ತಿದ. ಅವನು ಹಾಗೆ ಮಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಒಂದು ಕೈಯಲ್ಲಿ ಹೊಲಿಗೆ ಮಿಷನ್ನಿನ ಚಕ್ರ ತಿರುವಿದ, ಇನ್ನೊಂದರಲ್ಲಿ ಬಟ್ಟೆ ಮುಂದೆ ತಳ್ಳಿದ. ಆರು ಬೆರಳು ತೋರಿಸಿದ, ಆರು ತಿಂಗಳು. ಹರಪನಹಳ್ಳಿಯಲ್ಲಿ ಅವನ ಗೆಳೆಯನ ಹೆಂಡತಿ ಬ್ಲೌಸ್ ಹೊಲಿಯುತ್ತಿದ್ದಳು, ಹುಡುಗಿಯರಿಗೆ ಕಲಿಸುತ್ತಿದ್ದಳು. ಅಲ್ಲಿಟ್ಟು ಕಲಿಸಿ ಕರೆದುಕೊಂಡು ಬರಬೇಕೆಂದು ಅವನ ಮನಸ್ಸಿನಲ್ಲಿತ್ತು.

ಅಪ್ಪನ ಮಿಷನ್ನು ಹೊಲಿಗೆಯ ಮಿಷನ್ನಿಗಿಂತ ಬೀಸುವ ಕಲ್ಲಿನ ಹಾಗೆ ಇತ್ತು. ಸಣ್ಣತ್ತಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಅತ್ತಳು. ದೊಡ್ಡತ್ತಿ ಸೆರಗಿನಲ್ಲಿ ಮೂಗು ಒರೆಸಿಕೊಂಡು, “ಇಷ್ಟು ಹೇಳಾಕ ನಿನಗ ಇಪ್ಪತ್ತು ವರ್ಷ ಬೇಕಾತನು?” ಅಂತ ತಮ್ಮನನ್ನು ಬೈದಳು.

ಆದರೆ ಸಣ್ಣತ್ತಿ ಅವತ್ತು ನಮ್ಮ ಜತೆ ಬರಲಿಲ್ಲ. ತಬ್ಬಿಕೊಳ್ಳಲೂ ಇಲ್ಲ. ಹದಿನೈದು ದಿನ ಹಡಗಲಿಯಲ್ಲೇ ಇದ್ದು, ಆಮೇಲೆ ತಾನೇ ಬಸ್ ಹತ್ತಿ ಬಂದಳು. ಹರಪನಹಳ್ಳಿಗೆ ಹೋಗುತ್ತೇನೆ, ಮೊದಲು ಆ ಹೆಂಗಸನ್ನು ನೋಡಿ ಬರುತ್ತೇನೆ ಅಂದಳು. ನೋಡಿ ಬಂದು ಒಪ್ಪಿದಳು. ಆರು ತಿಂಗಳು ಅಂದದ್ದು ಒಂದು ವರ್ಷವಾಯಿತು. ಅಷ್ಟರಲ್ಲಿ ಓಣಿಯ ಎಲ್ಲ ಮನೆಗೂ ಕೇಬಲ್ ಬಂದು, ನಮ್ಮ ಪಡಸಾಲೆಗೆ ಬರುವವರು ಕಡಿಮೆಯಾದರು. ನಾನು ಒಬ್ಬಳೇ ಕೂತು ನೋಡುವಾಗ ಕತ್ತೆ, ಕಪ್ಪೆ ಬೇಸರ ತರಿಸತೊಡಗಿದವು. ಅಪ್ಪ ಮಾತ್ರ ಊಟದ ಹೊತ್ತಿಗೆ ನನ್ನಿಂದ ಒಂದೊಂದೇ ಕೈಮಾತು ಕಲಿತ. ಸಾರು, ಉಪ್ಪು, ನಾಳೆ, ಬೇಡ.

ಅವಳು ಕೊಟ್ಟೂರಿನಲ್ಲೇ ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿದಳು. ಮದುವೆಯಾಗಲಿಲ್ಲ. ಎರಡು ಸಲ ಗಂಡಿನವರು ಬಂದರು, ಎರಡೂ ಸಲ ಅವಳೇ ಬೇಡವೆಂದಳು.

ನಾನು ಕಾಲೇಜಿಗೆ ಹೋಗುವಾಗ ಒಂದು ಮಧ್ಯಾಹ್ನ ಅವಳ ಪಕ್ಕ ಕೂತು ಹೇಳಿಬಿಟ್ಟೆ. ಅವತ್ತು ಅಡಿಗೆಮನೆಯ ಬಾಗಿಲಲ್ಲಿ ನಾನು ಕೇಳಿಸಿಕೊಂಡದ್ದು ಅರ್ಧವೇ, ಪೂರ್ತಿ ಕೇಳದೆ ನಿನಗೆ ಹೇಳಿದೆ, ತಪ್ಪಾಯಿತು. ಅವಳು ಪೆಡಲ್ ನಿಲ್ಲಿಸಿದಳು. ನೀನು ಅರ್ಧನಾದ್ರೂ ಹೇಳಿದಿ ಅಂದಳು.

ಆಮೇಲೆ ನನ್ನ ತೋಳು ಹಿಡಿದು ಬೆಳಕಿಗೆ ತಿರುಗಿಸಿ, ನಾನು ತೊಟ್ಟಿದ್ದ ಬ್ಲೌಸಿನ ಹೊಲಿಗೆ ನೋಡಿದಳು. ಯಾರು ಹೊಲಿದದ್ದು ಅಂತ ಕೇಳಿದಳು. ಬಳ್ಳಾರಿಯಲ್ಲಿ ಹಾಸ್ಟೆಲ್ ಹತ್ತಿರದ ಟೈಲರ್ ಅಂದೆ. ಮುಖ ಹಿಂಡಿ, ಬಿಚ್ಚಿಕೊಡು ಅಂತ ಕೈ ಚಾಚಿದಳು.