ಅವ್ವಂದಿರು ತವರಿಗೆ ಹೋದ ಬಸ್ಸು

ಗೋವಾದ ಫಾತೋರ್ಡಾದ ಗಲ್ಲಿಯಲ್ಲಿ ನನ್ನದೂ ನನ್ನ ದೋಸ್ತನದೂ ಒಂದೇ ಗೋಡೆಯ ಮನೆಗಳು. ನಮ್ಮಪ್ಪ ಗೌಂಡಿ, ಅವರಪ್ಪ ಟೆಂಪೊ ಡ್ರೈವರ್. ಇಬ್ಬರೂ ವಿಜಯಪುರದ ಕಡೆಯವರು. ನಾವು ಹಿಂದೂಗಳು, ಅವರು ಮುಸಲ್ಮಾನರು. ಐಟಿಐ ಜೊತೆಗೇ ಮುಗಿಸಿ, ಬಂದರಿನ ಹತ್ತಿರದ ಒಂದು ಕಂಪನಿಯ ಕಾಯಂ ನೌಕರಿಗೆ ಜೊತೆಗೇ ಅರ್ಜಿ ಹಾಕಿದೆವು. ನನ್ನ ಅರ್ಜಿ ತಿರುಗಿ ಬಂತು. ಯಾಕೆ ಅಂತ ಕೇಳುವ ತಾಳ್ಮೆ ನನಗೆಲ್ಲಿತ್ತು? ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು.

ಆಗ ಸಿಕ್ಕವರು ಚಹಾದಂಗಡಿಯಲ್ಲಿ ಕೂಡುತ್ತಿದ್ದ ನಮ್ಮ ಧರ್ಮದ ಕೆಲವು ಅಣ್ಣಂದಿರು. "ನಿನ್ನ ನೌಕರಿ ಆ ಬಾಜೂಮನಿಯವಂಗ ಹೋತು ತಮ್ಮಾ. ನಮ್ಮವರು ನಿದ್ದಿ ಮಾಡಾಕತ್ತಾರ" ಎಂದರು. ದಿನಾ ಮೊಬೈಲಿಗೆ ಸಿಟ್ಟೇರಿಸುವ ವಿಡಿಯೊ ಕಳಿಸಿದರು. ಖರೇ ಹೇಳುತ್ತೇನೆ, ನನಗೆ ಹಿತವೆನಿಸಿತು. ಘಟ್ಟದ ಮೇಲಿನವನು ಅಂತ ನನ್ನನ್ನು 'ಘಾಟಿ' ಎಂದು ಹೀಗಳೆಯದೆ 'ತಮ್ಮಾ' ಎಂದವರು ಅವರೇ. ದೋಸ್ತನ ಜೊತೆ ಮಾತು ಬಿಟ್ಟೆ.

ಒಂದು ಭಾನುವಾರ ಹೊಡೆದಾಟಕ್ಕೆಂದು ಮ್ಹಾಪಸಾ ಪಟ್ಟಣಕ್ಕೆ ಅವರ ಗಾಡಿ ಹೊರಡುವುದಿತ್ತು. "ಬರೇ ಕೈಲೆ ಬರಬ್ಯಾಡ" ಎಂದಿದ್ದರು. ಅಪ್ಪನ ಸಲಾಕೆಯನ್ನು ಗೋಣಿಯಲ್ಲಿ ಸುತ್ತಿಕೊಂಡು ರಸ್ತೆಗೆ ಬಂದರೆ, ಎದುರು ಬದಿಯಲ್ಲಿ ದೋಸ್ತ ನಿಂತಿದ್ದ. ಅವನ ಕಂಕುಳಲ್ಲೂ ಅಂಥದೇ ಗಂಟು. ಅವನು ತನ್ನ ಕಡೆಯವರ ಗಾಡಿಗೆ ಕಾಯುತ್ತಿದ್ದ.

"ಏನಲೇ, ನೌಕರಿ ಸಿಕ್ಕ ಮ್ಯಾಲ ಮಾರೀನ ತೋರಸವಲ್ಲಿ?" ಎಂದು ಅವನೇ ಕೂಗಿದ.

"ನನಗೆಲ್ಲಿ ನೌಕರಿ? ನಿನಗಲ್ಲೇನು ಸಿಕ್ಕಿದ್ದು?"

ಅವನು ರಸ್ತೆ ದಾಟಿ ಬಂದ. "ನಿನಗ ಸಿಕ್ತು ಅಂತ ನಮ್ಮವರು ಹೇಳ್ಯಾರಲ್ಲೋ! ನಾ ಹುಟ್ಟಿದ ಊರು ಗೋವಾದಾಗಿಲ್ಲ ಅಂತ ನನ್ನ ಅರ್ಜಿ ತಿರುಗಿಸ್ಯಾರ."

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಅದು ನಮ್ಮ ಕಡೆಯ ಪದ್ಧತಿ. ನಮ್ಮಿಬ್ಬರ ಅವ್ವಂದಿರೂ ತುಂಬಿದ ಹೊಟ್ಟೆ ಹೊತ್ತು ಒಂದೇ ಬಸ್ಸಿನಲ್ಲಿ ಊರಿಗೆ ಹೋದವರು. ನಾವಿಬ್ಬರೂ ಹುಟ್ಟಿದ್ದು ಅಲ್ಲೇ, ನನ್ನ ಅರ್ಜಿಯೂ ಅದಕ್ಕೇ ತಿರುಗಿತ್ತು. ಈ ಕಥೆ ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಥೂ, ಗೊತ್ತಿದ್ದೂ ಮಂದಿಯ ಮಾತು ನಂಬಿದ್ದೆವು. ನನ್ನ ಗಾಡಿ ಬಂದು ಹಾರ್ನ್ ಹೊಡೆಯಿತು. ನಾನು ಹತ್ತಲಿಲ್ಲ. ಅವನ ಗಾಡಿ ಬರುವ ಮೊದಲೇ ಇಬ್ಬರೂ ಗಲ್ಲಿಗೆ ತಿರುಗಿದೆವು.

ಕಾಯಂ ನೌಕರಿ ಇವತ್ತಿಗೂ ಇಲ್ಲ. ಸಿಟ್ಟೂ ಹೋಗಿಲ್ಲ.

ಹೋದ ವರ್ಷ ನನ್ನ ಹೆಂಡತಿ ಬಸುರಿ. ಅತ್ತೆ ತವರಿಗೆ ಕರೆದೊಯ್ಯಲು ಬಂದರು. ನಾನು ಹಟ ಹಿಡಿದು ಕಳಿಸಲಿಲ್ಲ. ಮಗಳು ಇಲ್ಲೇ ಹುಟ್ಟಿದಳು. ದೋಸ್ತ ಆಸ್ಪತ್ರೆಗೆ ಪೇಢೆ ತಂದ. ಜನನ ಪತ್ರ ಕೈಗೆ ಬಂದ ದಿನ ನಾನು ಅದನ್ನು ಹೆಂಡತಿಗೆ ಜಂಬದಿಂದ ತೋರಿಸಿದೆ. ಅವಳು ಊರಿನ ಹೆಸರಿನ ಮೇಲೆ ಬೆರಳಿಟ್ಟು ಓದಿದಳು.

"ಇದಕ್ಕಾಗಿ ನನ್ನ ತವರು ತಪ್ಪಿಸಿದ್ರಿ. ಆಗ್ಲಿ. ಖರೇ ಹೇಳ್ರಿ, ಇದನ್ನ ತೋರಿಸಿದ್ರ ಇಕಿಗೆ ನೌಕರಿ ಕೊಡ್ತಾರೇನ್ರಿ?"

ನಾನು ಆ ಪತ್ರವನ್ನು ಮಡಚಿ, ತಿರುಗಿ ಬಂದ ನನ್ನ ಅರ್ಜಿಯ ಜೊತೆಗೇ ಇಟ್ಟೆ.