ಗಂಗವ್ವನ ಹೆಸರಿನ ಕೊಡ

ಪಾತ್ರೆ ಕೊಳ್ಳುವ ಮುಂಚೆ ಬೆರಳ ಗೆಣ್ಣಿನಿಂದ ಒಮ್ಮೆ ಬಡಿದು ನೋಡಿ. ತೆಳು ಸ್ಟೀಲು ಚಟ್ ಎಂದು ಸುಮ್ಮನಾಗುತ್ತದೆ. ದಪ್ಪದ್ದು ಸ್ವಲ್ಪ ಹೊತ್ತು ಗುಂಯ್‌ಗುಡುತ್ತದೆ. ಬೊಂಬಾಯಿ ಮಾಟುಂಗದ ನನ್ನ ಪಾತ್ರೆ ಅಂಗಡಿಗೆ ಬರುವವರಿಗೆಲ್ಲ ನಾನೇ ಇದನ್ನು ಹೇಳಿಕೊಡುತ್ತೇನೆ. ಗಿರಾಕಿ ಜಾಣನಾದರೆ ವ್ಯಾಪಾರಿಗೆ ನಷ್ಟ ಎನ್ನುವವರಿದ್ದಾರೆ, ನನಗಂತೂ ಹಾಗಾಗಿಲ್ಲ. ಆದರೆ ಯಾರಾದರೂ ಹೀಗೆ ಬಡಿದಾಗ ಏಳುವ ಆ ಸದ್ದು ನನ್ನನ್ನು ನಿಂತ ಜಾಗದಿಂದಲೇ ಭಾಂಡುಪಿನ ನಮ್ಮ ಚಾಳಿಗೆ ಎಳೆದುಕೊಂಡು ಹೋಗುತ್ತದೆ. ಮಧ್ಯಾಹ್ನದ ಬಿಸಿಲು ಗ್ಯಾಲರಿಯ ಕಟಕಟೆಯ ಮೇಲೆ ಒರಗಿರುವ ಹೊತ್ತು. ಮೆಟ್ಟಿಲ ಕೆಳಗಿನಿಂದ ಸ್ಟೀಲಿಗೆ ಸ್ಟೀಲು ತಾಕುವ ಕಿಣಿಕಿಣಿ, ಅದರ ಹಿಂದೆ "ಭಾಂಡೀಯೇ...", ಪಾತ್ರೆಯೇ, ಎಂದು ಎಳೆದ ಕೂಗು. ತಲೆಯ ಮೇಲೆ ಹೊಸ ಪಾತ್ರೆಗಳ ಬುಟ್ಟಿ, ಹೆಗಲಿಗೆ ಹಳೆ ಬಟ್ಟೆಗಳ ಗಂಟು ಹೊತ್ತು ಜಮನಾಬೆನ್ ಬಂದಳೆಂದರೆ ಮಲಗಿದ್ದ ಹೆಂಗಸರೆಲ್ಲ ಎದ್ದು ಕೂರುತ್ತಿದ್ದರು. ಹಳೆ ಬಟ್ಟೆ ಕೊಟ್ಟರೆ ಹೊಸ ಪಾತ್ರೆ ಕೊಡುವುದು ಅವಳ ಕಸುಬು. ಸೀರೆಯನ್ನು ಬೆಳಕಿಗೆ ಹಿಡಿದು ತೂತು ಎಣಿಸುವಳು, ಪ್ಯಾಂಟಿನ ಮಂಡಿ ತಿಕ್ಕಿ ನೋಡುವಳು. ಆಗ ನಾನು ಹನ್ನೊಂದು ವರ್ಷದವಳು. ಅವಳ ಕೈಯನ್ನೇ ನೋಡುತ್ತ ಕೂರುತ್ತಿದ್ದೆ. ಯಾವುದು ಎಷ್ಟಕ್ಕೆ ಬಾಳುತ್ತದೆ ಎಂದು ನಾನು ಕಲಿತದ್ದು ಅಲ್ಲಿ.

ನಮ್ಮ ಮನೆ ಮಾತ್ರ ಅವಳಿಗೆ ಲಾಭವಿಲ್ಲದ ಮನೆ. ಗದಗಿನ ಕಡೆಯ ನಮ್ಮವ್ವನ ಕೈಯಲ್ಲಿ ಬಟ್ಟೆ ಹಳೆಯದಾಗುತ್ತಿರಲಿಲ್ಲ, ಕೆಲಸ ಬದಲಿಸುತ್ತಿತ್ತು. ಅಪ್ಪನ ಕಾರ್ಖಾನೆಯ ಖಾಕಿ ಪ್ಯಾಂಟು ನನ್ನ ಶಾಲೆಯ ಚೀಲವಾಗುತ್ತಿತ್ತು, ಚೀಲ ಹರಿದರೆ ಬಿಸಿ ಪಾತ್ರೆ ಇಳಿಸುವ ಅರಿವೆ, ಅದೂ ಕರಕಲಾದರೆ ಬಾಗಿಲ ಮುಂದಿನ ಕಾಲೊರಸು. ಸೀರೆಗಳೆಲ್ಲ ಕೊನೆಗೆ ಕೌದಿಗೆ. ಪದರದ ಮೇಲೆ ಪದರ ಹಾಸಿ, ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ದಾರ ಎಳೆದು ಅವಳು ಹೊಲಿಯುತ್ತಿದ್ದ ಕೌದಿಗೆ ಬಿಸಿಲು, ಸಾಬೂನು, ಒಗ್ಗರಣೆ ಎಲ್ಲ ಬೆರೆತ ಒಂದು ವಾಸನೆಯಿತ್ತು. ಹೀರೇಕಾಯಿಯ ಸಿಪ್ಪೆ ಚಟ್ನಿಗೆ, ಅಕ್ಕಿ ತೊಳೆದ ನೀರು ಡಾಲ್ಡಾ ಡಬ್ಬಿಯ ತುಳಸಿಗೆ, ಸಾರಿಗೆ ಹಿಂಡಿ ಉಳಿದ ಹುಣಸೆ ಹಿಪ್ಪೆ ತಾಮ್ರದ ಕೊಡ ಬೆಳಗಲು. ಆ ಕೊಡ ಅವ್ವನ ಮದುವೆಯಲ್ಲಿ ಅಜ್ಜಿ ಕೊಟ್ಟದ್ದು. ಕಂಠದ ಕೆಳಗೆ ಚುಕ್ಕೆ ಚುಕ್ಕೆಯಾಗಿ 'ಗಂಗವ್ವ' ಎಂದು ಅವ್ವನ ಹೆಸರು ಕೊರೆದಿತ್ತು. ಅವ್ವನಿಗೆ ಓದಲು ಬರುತ್ತಿದ್ದ ಒಂದೇ ಒಂದು ಪದ ಅದು.

ಒಂದು ಬೇಸಿಗೆ ಜಮನಾಬೆನ್ ಬುಟ್ಟಿಯ ಮೇಲೆ ನಲ್ಲಿಯಿದ್ದ ದೊಡ್ಡ ಸ್ಟೀಲಿನ ಡ್ರಮ್ಮನ್ನು ಬೋರಲು ಹಾಕಿಕೊಂಡು ಬಂದಳು. ಚಾಳಿಗೆ ನೀರು ಬರುತ್ತಿದ್ದುದು ಬೆಳಗಿನ ಜಾವ ಒಂದೇ ತಾಸು. ನಮ್ಮಲ್ಲಿ ಹಿಡಿದಿಡಲು ಆ ಕೊಡ, ಎರಡು ಬಕೆಟ್ಟು. ಅವ್ವ ಡ್ರಮ್ಮನ್ನು ಗೆಣ್ಣಿನಿಂದ ಬಡಿದಳು. ಅದು ಗುಂಯ್ ಎಂದಿತು. ಆದರೆ ಕೊಡಲು ಮನೆಯಲ್ಲಿ ಹಳೆ ಬಟ್ಟೆಯ ಒಂದು ಚೂರೂ ಇಲ್ಲ! ಆಗ ಅವ್ವ ವ್ಯವಹಾರವನ್ನೇ ತಿರುಗಿಸಿದಳು. ತನ್ನ ಕನ್ನಡಕ್ಕೆ ಸಿಕ್ಕಷ್ಟು ಹಿಂದಿ ಬೆರೆಸಿ, "ನಿನ್ನ ಗಂಟಿನ್ಯಾಗ ಯಾರಿಗೂ ಬ್ಯಾಡಾದ ಹರಕ ಸೀರಿ ಅದಾವಲ್ಲ ಬೆನ್, ಓ ಮುಝೇ ದೋ. ಮಳಿಗೆ ನಿನ್ನ ಮಕ್ಕಳು ನೆಲದ ಮ್ಯಾಲೆ ಮಲಗತಾವ. ದೋ ಗೋದಡಿ ಹೊಲದ ಕೊಡತೀನಿ. ಡ್ರಮ್ಮು ನನಗ" ಎಂದಳು.

"ಔರ್ ತೂ ಕಪಡಾ ಲೇಕೇ ಬೈಠ್ ಗಯೀ ತೋ?" ಎಂದಳು ಜಮನಾಬೆನ್. ಬಟ್ಟೆ ಇಟ್ಟುಕೊಂಡು ಕೂತುಬಿಟ್ಟರೆ ತನ್ನ ಗತಿಯೇನು ಎಂಬ ಅವಳ ಪ್ರಶ್ನೆ ನ್ಯಾಯವಾದದ್ದೇ. ಅವಳ ಕಣ್ಣು ಮೂಲೆಯ ಕೊಡದ ಮೇಲೆ ನಿಂತಿತು. ಜಾಮೀನಾಗಿ ಅದನ್ನು ಕೊಡಬೇಕು. ಮೊದಲ ಮಳೆಯೊಳಗೆ ಎರಡು ಕೌದಿ ಬಾರದಿದ್ದರೆ ತಾಮ್ರ ನೇರ ಭಟ್ಟಿಗೆ. ಅವ್ವ ಕೊಡದ ಕಂಠದ ಚುಕ್ಕೆಗಳ ಮೇಲೆ ಒಮ್ಮೆ ಬೆರಳಾಡಿಸಿದಳು. ಆಮೇಲೆ, ಗಂಟಲಿನಿಂದಲ್ಲ ಹೊಟ್ಟೆಯಿಂದ ಬಂದಂಥ ತನ್ನ ಮಾಮೂಲಿ "ಹೂಂ" ಎಂದಳು. ಡ್ರಮ್ಮೂ ಹರಕು ಸೀರೆಗಳೂ ನಮ್ಮಲ್ಲುಳಿದವು, ಕೊಡ ಮೆಟ್ಟಿಲಿಳಿದು ಹೋಯಿತು. ನಾನು ಆ ದಿನ ಊಟ ಮಾಡಲಿಲ್ಲ.

ಅಲ್ಲಿಂದ ಮುಂದೆ ಅಪ್ಪ ಡ್ಯೂಟಿಗೆ ಹೊರಟೊಡನೆ ಅವ್ವ ಸೂಜಿ ಹಿಡಿಯುವಳು, ಶಾಲೆಯಿಂದ ಬಂದ ನಾನು ದಾರ ಪೋಣಿಸುತ್ತಿದ್ದೆ. ಪಕ್ಕದ ಖೋಲಿಯ ಶಾರದಕ್ಕ ಮಂಗಳೂರಿನ ಕಡೆಯವರು. ಅವರಿಗೆ ದಿನಕ್ಕೊಂದು ನಗೆ. "ಎಂತ ಗಂಗಕ್ಕ, ಬೊಂಬಾಯಿಯಲ್ಲಿ ಎಲ್ಲರೂ ಬಟ್ಟೆ ಕೊಟ್ಟು ಪಾತ್ರೆ ತಕ್ಕೊಳ್ಳುವುದು. ನೀವು ಪಾತ್ರೆ ಕೊಟ್ಟು ಹರಕು ಬಟ್ಟೆ ತಕ್ಕೊಂಡಿರಿ ಮಾರಾಯ್ತಿ!"

"ನಗ್ರಿ ನಗ್ರಿ, ಮಳಿಗಾಲ ಬರಲಿ" ಎನ್ನುತ್ತಿದ್ದಳು ಅವ್ವ, ತಲೆ ಎತ್ತದೆ.

ಎರಡನೆಯ ಕೌದಿ ಮುಗಿದ ದಿನ ಆಕಾಶ ಆಗಲೇ ಕಪ್ಪಾಗಿತ್ತು. ಮರುದಿನ ಜಮನಾಬೆನ್ ಬರುವವಳು. ತೊಳೆದ ಕೌದಿಗೆ ಇದ್ದಷ್ಟು ಬಿಸಿಲಾದರೂ ಸಿಗಲೆಂದು ಕಟಕಟೆಯ ಮೇಲೆ ಹರವಿದ್ದೆವು. ಹಾಲಿನ ಪಾತ್ರೆ ಹಿಡಿದು ಬಂದ ಶಾರದಕ್ಕ ಅದರ ಮುಂದೆ ನಿಂತೇಬಿಟ್ಟರು. ನಡುವಿನಲ್ಲಿದ್ದ ಮಾಸಲು ಹಸಿರು, ಮಾವಿನಕಾಯಿ ಅಂಚಿನ ತುಂಡನ್ನು ಮುಟ್ಟಿದರು. "ಇದು ನನ್ನ ಅಮ್ಮನ ಸೀರೆ" ಎಂದರು. ಹೋದ ವರ್ಷ ಹರಿದಿತ್ತಂತೆ, ಜಮನಾಬೆನ್‌ಗೆ ಹಾಕಿದ್ದರಂತೆ. "ಒಂದು ಚಹಾ ಸೋಸುವ ಜಾಲರಿಗೆ ಕೊಟ್ಟೆ ಗಂಗಕ್ಕ. ಆಗ ಅಮ್ಮ ಇದ್ದರು." ಅವ್ವ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಅವರ ತೋಳಿನ ಮೇಲಿಟ್ಟುಬಿಟ್ಟಳು.

"ಅವ್ವಾ, ನಮ್ಮ ಕೊಡ?" ಎಂದು ಕಿರುಚಿದೆ.

"ಕೊಡ ಅಂದ್ರ ತಾಮ್ರ. ಇದು ಆಕಿ ಅವ್ವ" ಎಂದಳು.

ಅವ್ವನದು ದೊಡ್ಡ ಮನಸ್ಸು, ಒಪ್ಪೋಣ. ಆದರೆ ಬರೀ ದೊಡ್ಡ ಮನಸ್ಸಿನಿಂದ ಕೊಡ ವಾಪಸು ಬರುವುದಿಲ್ಲವಲ್ಲ! ನನ್ನ ತಲೆಯಲ್ಲಿ ಜಮನಾಬೆನ್‌ಳ ಕೈ ಓಡಾಡಿತು: ಯಾವುದನ್ನು ಮುಟ್ಟಿದಾಗ ಅವಳ ಮುಖ ಅರಳುತ್ತಿತ್ತು? ಸೀರೆಯಲ್ಲ, ಟೆರಿಕಾಟ್ ಪ್ಯಾಂಟು. ಕ್ಯಾಂಟೀನು ನಡೆಸುತ್ತಿದ್ದ ಶಾರದಕ್ಕನ ಗಂಡ ವರ್ಷ ವರ್ಷ ಒಂದೊಂದು ಸುತ್ತು ಅಗಲವಾಗುತ್ತಿದ್ದರು.

"ಶಾರದಕ್ಕ, ಮಾಮಾಗ ಹಳೇ ಪ್ಯಾಂಟು ಈಗ ಹಿಡಿಯೂದಿಲ್ಲಲ್ಲ?"

ಅವರು ಕಣ್ಣೊರೆಸಿಕೊಂಡರು. "ಅದಕ್ಕೂ ಇದಕ್ಕೂ ಎಂತ ಸಂಬಂಧ ಮಗಾ?"

"ನಾಲ್ಕು ಕೊಡ್ರಿ. ಕೌದಿ ನಿಮ್ಮದು."

"ಏ, ಬಾಯಿ ಮುಚ್ಚ!" ಎಂದಳು ಅವ್ವ. ಶಾರದಕ್ಕ ಮಾತ್ರ ಅಳುವಿನ ನಡುವೆಯೇ ನಕ್ಕುಬಿಟ್ಟರು. "ತೆಳ್ಳಗಾಗ್ತೇನೆ ಅಂತ ಟ್ರಂಕು ತುಂಬ ಇಟ್ಟಿದ್ದಾರೆ. ಐದು ತಕ್ಕೋ!"

ಮರುದಿನ ಜಮನಾಬೆನ್ ಒಂದೇ ಕೌದಿ ನೋಡಿ ಮುಖ ಗಂಟಿಕ್ಕಿದಳು. ನಾನು ಪ್ಯಾಂಟುಗಳನ್ನು ಒಂದೊಂದಾಗಿ ಹರವಿದೆ. ಎಲ್ಲ ಒಟ್ಟಿಗೆ ತೋರಿಸಬಾರದು, ನೆನಪಿಡಿ. ಮೂರು ತೋರಿಸಿ ನಿಲ್ಲಿಸಬೇಕು, ಎದುರಿನವರು ತಲೆಯಾಡಿಸಿದಾಗ ನಾಲ್ಕನೆಯದು. ಐದನೆಯದನ್ನು ನಾನು ಕಾಲಡಿಯೇ ಇಟ್ಟುಕೊಂಡಿದ್ದೆ. "ಮೌಸಿ, ಏಕ್ ಭೀ ಛೇದ್ ನಹೀಂ" ಎಂದೆ. ಅವಳು ತೂತು ಹುಡುಕಿದಳು, ಮಂಡಿ ತಿಕ್ಕಿದಳು, ಜಿಪ್ಪು ಎಳೆದಳು. ಕೊನೆಗೆ ಬುಟ್ಟಿಯೊಳಗಿಂದ ನಮ್ಮ ಕೊಡವನ್ನೆತ್ತಿ ಡ್ರಮ್ಮಿನ ಪಕ್ಕದಲ್ಲಿಟ್ಟಳು. "ಯೇ ಛೋಕರೀ ಮೇರಾ ಧಂಧಾ ಖಾ ಜಾಯೇಗೀ," ಈ ಹುಡುಗಿ ನನ್ನ ಕಸುಬನ್ನೇ ನುಂಗುತ್ತಾಳೆ, ಎಂದು ಬಯ್ದು ನನ್ನ ಕೈಗೊಂದು ಪುಟ್ಟ ಲೋಟ ತುರುಕಿದಳು. ಆಮೇಲೆ ನಾನು ಐದನೆಯ ಪ್ಯಾಂಟನ್ನು ಅವಳ ಗಂಟಿಗೆ ಸುಮ್ಮನೆ ಹಾಕಿದೆ. ಗೆದ್ದ ಮೇಲೆ ತುಸು ಬಿಟ್ಟುಕೊಟ್ಟರೆ ಎದುರಿನವರು ಮತ್ತೆ ನಿಮ್ಮ ಬಾಗಿಲಿಗೆ ಬರುತ್ತಾರೆ. ಎರಡು ದಿನಕ್ಕೆ ಮಳೆ ಶುರುವಾಯಿತು. ನಮ್ಮ ಮನೆಯಲ್ಲಿ ಡ್ರಮ್ಮು ತುಂಬಿತ್ತು, ಗೋಡೆಯಾಚೆ ಶಾರದಕ್ಕ ಅಮ್ಮನ ಸೀರೆ ಹೊದ್ದಿದ್ದರು, ಎಲ್ಲೋ ಜಮನಾಬೆನ್‌ಳ ಮಕ್ಕಳ ಕೆಳಗೆ ನಮ್ಮವ್ವನ ಕೌದಿಯಿತ್ತು. ಯಾರೂ ಹೊಸದೇನನ್ನೂ ನೇಯಲಿಲ್ಲ, ಯಾರೂ ಸೋಲಲಿಲ್ಲ. ಅಂಥ ವ್ಯಾಪಾರ ಆಮೇಲೆ ನಾನೂ ಎಷ್ಟೋ ಮಾಡಿರಬಹುದು, ಆ ರುಚಿ ಮಾತ್ರ ಮತ್ತೆ ಸಿಗಲಿಲ್ಲ.

ಈಗ ಗಿರಾಕಿಗಳ ಮಕ್ಕಳು ರೀಸೈಕಲ್ ಎಂದರೇನೆಂದು ನನಗೆ ವಿವರಿಸುತ್ತಾರೆ. ಕೇಳಿಸಿಕೊಳ್ಳುತ್ತೇನೆ, ಒಳ್ಳೆಯ ಮಕ್ಕಳು. ಏನನ್ನಾದರೂ ಎಸೆಯುವ ಮುಂಚೆ ಇದರ ಮುಂದಿನ ಕೆಲಸವೇನು ಎಂದು ಒಮ್ಮೆ ಕೇಳಿ ನೋಡಿ ಎಂದಷ್ಟೇ ಹೇಳಿ ಕಳಿಸುತ್ತೇನೆ. ಚಾಳು ಇದ್ದಲ್ಲಿ ಟವರು ಬಂದಿದೆ. ಅದರ ಬಾಗಿಲಲ್ಲಿ ಯಾವ ಭಾಂಡೀವಾಲಿಯನ್ನೂ ಒಳಗೆ ಬಿಡುವುದಿಲ್ಲ. ಶಾರದಕ್ಕ ಊರಿಗೆ ಹೋದರು, ಕೌದಿಯನ್ನೂ ಒಯ್ದರು. ಅವ್ವ ಇಲ್ಲ. ಕೊಡ ನನ್ನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದೆ. ಬೆಲೆ ಕೇಳುತ್ತಾರೆ, ಅದೊಂದಕ್ಕೆ ನನ್ನಲ್ಲಿ ಚೌಕಾಸಿಯಿಲ್ಲ. ಬೆಳಿಗ್ಗೆ ಶಟರ್ ಎತ್ತಿದೊಡನೆ ಆ ಚುಕ್ಕೆಗಳ ಮೇಲೆ ಗೆಣ್ಣಿನಿಂದ ಒಮ್ಮೆ ಬಡಿಯುತ್ತೇನೆ. ತಾಮ್ರ ಸ್ಟೀಲಿನ ಹಾಗೆ ಗುಂಯ್‌ಗುಡುವುದಿಲ್ಲ. ತುಸು ತಡೆದು, ಹೊಟ್ಟೆಯೊಳಗಿನಿಂದ, "ಹೂಂ" ಎನ್ನುತ್ತದೆ.